ಶ್ರಾವಣ ಸೋಮವಾರ ಉಂಡು ಹೋದವರು

ಇದರ ತಲೆಬುಡ ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರು ಯಾರಾದರೂ ಇದ್ದರೆ ಹೇಳಲಿ, ಕೈಮುಗಿದು ಕೇಳ್ತೀನಿ.

ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ಒಂದೇ ಹುಚ್ಚು, ಕೈಲಾಸಕ್ಕೆ ಹೋಗಬೇಕು. ಅವ್ವ ದಿನಾ ಹಚ್ಚಿಕೊಳ್ಳುತ್ತಿದ್ದ ವಿಭೂತಿ ಗಟ್ಟಿ ಅರ್ಧ ಸವೆದು ಉಳಿದಿತ್ತು. ಅದನ್ನು ಮಾನಸ ಸರೋವರದಲ್ಲಿ ಬಿಡಬೇಕು. ಇಬ್ಬರೂ ಕೂಡಿ ಹೋಗೋಣ ಅಂತ ಮಾತಾಡಿಕೊಂಡಿದ್ದರಂತೆ. ಅಪ್ಪನ ಮೊಣಕಾಲು ಆಗಲೇ ಮುನಿಸಿಕೊಂಡಿದ್ದವು. ಬರೋ ಬೇಸಿಗೆ ಬಿಟ್ಟರೆ ಮುಂದೆ ಆಗೋದಿಲ್ಲ ಅಂತ ಡಾಕ್ಟರೇ ಹೇಳಿದ್ದರು. ಕೈಲಾಸ ಇರೋದು ಚೀನಾದ ಗಡಿಯೊಳಗೆ, ಪಾಸ್‌ಪೋರ್ಟ್ ಇಲ್ಲದೆ ನಡೆಯೋದಿಲ್ಲ.

ಅರ್ಜಿ ಹಾಕಿದ ಮೇಲೆ ಠಾಣೆಯಿಂದ ಒಬ್ಬರು ಮನೆಗೆ ಬಂದು ವಿಚಾರಿಸಿ ವರದಿ ಕಳಿಸಬೇಕು. ಬಂದವರ ಕೈ ಬೆಚ್ಚಗೆ ಮಾಡದಿದ್ದರೆ ಆ ವರದಿ ಮೇಲೇಳೋದಿಲ್ಲ ಅನ್ನೋದು ಊರಿಗೇ ಗೊತ್ತಿದ್ದ ರಿವಾಜು. ಅದನ್ನೇ ಹೇಳಿದೆ, ಅಪ್ಪ ಕೆಂಡವಾದ.

"ಲಂಚ ಕೊಟ್ಟು ಶಿವನ ಮುಂದ ನಿಂದ್ರಲೇನು? ನಿಮ್ಮವ್ವ ಒಪ್ಪತಾಳೇನು? ಒಂದು ಪೈಸಾ ಕೊಟ್ಟಿ ಅಂದ್ರ ನಾ ಹೋಗೂದಾ ಇಲ್ಲ, ತಿಳೀತೇನು?"

"ಆತು ಮಾರಾಯ," ಅಂದೆ.

ನಾನು ಆಗ ಹೊಸಪೇಟೆಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಸಂಡೂರಿನ ಗುಡ್ಡ ಅಗೆದು ಕಬ್ಬಿಣದ ಅದಿರು ಲಾರಿಗೆ ತುಂಬೋರು, ಲಾರಿ ಬಂದರಿಗೆ, ಬಂದರಿನಿಂದ ಹಡಗು ಚೀನಾಕ್ಕೆ. ಪರ್ಮಿಟ್ ಇದೆಯೋ ಇಲ್ಲವೋ, ಒಂದು ಫೋನ್ ಹೋದರೆ ಗೇಟು ತೆರೆಯೋದು. ಸಾಯಂಕಾಲ ಬಸ್ಸು ಹತ್ತಿ ಕಮಲಾಪುರ ದಾಟಿ ಮನೆಗೆ ಬರುವಷ್ಟರಲ್ಲಿ ನನ್ನ ಕೂದಲು, ಸೆರಗು ಎಲ್ಲಾ ಕೆಂಪು. ನಮ್ಮ ಗುಡ್ಡದ ಮಣ್ಣು ಚೀನಾಕ್ಕೆ ಹೋಗಬಹುದು, ನಮ್ಮಪ್ಪ ಹೋಗಬಾರದಾ? ನೆನೆಸಿಕೊಂಡರೆ ಮೈ ಉರಿಯೋದು.

ಶ್ರಾವಣ ಸೋಮವಾರ ಜಂಗಮರಿಗೆ ಉಣಿಸದೆ ಅಪ್ಪ ತುತ್ತು ಮುಟ್ಟೋದಿಲ್ಲ. ಉಣ್ಣಲು ಬಂದವರನ್ನು ಕೈ ತೊಳೆಯುವ ತನಕ ಯಾರು, ಎಲ್ಲಿಯವರು ಅಂತ ಕೇಳಬಾರದು, ಅದು ನಮ್ಮ ಮನೆಯ ಕಟ್ಟಳೆ. ಆ ವರ್ಷ ಒಂದು ಸೋಮವಾರ ರಜೆ ಹಾಕಿ ನಾನೇ ಅಡುಗೆ ಮಾಡಿದ್ದೆ. ಬರುತ್ತೇನೆಂದ ಜಂಗಮರು ಬರಲಿಲ್ಲ. ಮಧ್ಯಾಹ್ನ ಹೊರಳಿತು, ಅಪ್ಪನ ಹೊಟ್ಟೆ ಖಾಲಿ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಹೆಗಲಿಗೊಂದು ಚೀಲ.

"ಯಜಮಾನ್ರು ಅದಾರೇನ್ರಿ?"

"ಬರ್ರಿ ಬರ್ರಿ, ನಿಮ್ದಾ ದಾರಿ ನೋಡಾಕತ್ತಿದ್ವಿ," ಅಂತ ಅಪ್ಪ ಕೈಹಿಡಿದೇ ಒಳಗೆ ಕರೆತಂದ.

"ಅಲ್ರೀ, ನಾ ಬಂದದ್ದು..."

"ಮೊದ್ಲು ಪ್ರಸಾದ. ಮಾತು ಆಮ್ಯಾಲ. ಕುಂದ್ರಿ."

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ ಬಡಿಸಿದೆ. ಪಾಪ, ಹಸಿದಿದ್ದರೋ ಏನೋ, ಬ್ಯಾಡ ಬ್ಯಾಡ ಅನ್ನುತ್ತಲೇ ಹೊಟ್ಟೆ ತುಂಬ ಉಂಡರು. ಕೈ ತೊಳೆದು ಬಂದ ಕೂಡಲೇ ಅಪ್ಪ ಅವರಿಗೆ ಎಲೆ ಅಡಿಕೆ, ತೆಂಗಿನಕಾಯಿ, ದಕ್ಷಿಣೆ ಕೊಟ್ಟು ಉದ್ದಕ್ಕೆ ಕಾಲಿಗೆ ಬಿದ್ದ. "ಕೈಲಾಸಕ್ಕ ಹೊಂಟೀನ್ರಿ. ಪಾಸ್‌ಪೋರ್ಟ್ ಬರ್ಲಿ ಅಂತ ಆಶೀರ್ವಾದ ಮಾಡ್ರಿ."

ಅವರ ಮುಖ ಕಪ್ಪಿಟ್ಟಿತು. ಅಪ್ಪನ ತಲೆ ಮೇಲೆ ಕೈ ಇಟ್ಟರೋ ಇಲ್ಲವೋ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಯಾರು ಅಂತ ಕೇಳೋದು ಹಾಗೇ ಉಳಿಯಿತು.

ಶ್ರಾವಣ ಹೋಯಿತು, ದೀಪಾವಳಿ ಹೋಯಿತು, ಠಾಣೆಯಿಂದ ನರಪಿಳ್ಳೆಯೂ ಬರಲಿಲ್ಲ. ಅಪ್ಪ ವಿಭೂತಿ ಗಟ್ಟಿ ತೆಗೆದು ನೋಡೋದು, ಮತ್ತೆ ಬಟ್ಟೆಯಲ್ಲಿ ಸುತ್ತಿಡೋದು. ನೋಡಲಾರದೆ ನಾನೇ ಠಾಣೆಗೆ ಹೋದೆ. ಹೋಗಿ ನೋಡಿದರೆ ಖಾಕಿ ಹಾಕಿಕೊಂಡು ನಮ್ಮ ಜಂಗಮರು ಕುರ್ಚಿ ಮೇಲೆ ಕೂತಿದ್ದಾರೆ!

"ಅಯ್ಯ ಶಿವನೇ, ನೀವಾ?"

ಅವರು ಗಡಬಡಿಸಿ ಎದ್ದು ಹೊರಗೆ ಬೇವಿನ ಗಿಡದ ಹತ್ತಿರ ಕರೆದೊಯ್ದರು. "ಅವತ್ತು ವಿಚಾರಣೆಗೇ ಬಂದಿದ್ದೆ, ತಂಗೀ. ನಿಮ್ಮಪ್ಪಾರು ನನ್ನ ಕಾಲಿಗೆ ಬಿದ್ರು. ಕಾಲಿಗೆ ಬಿದ್ದವ್ರ ಹತ್ರ ರೊಕ್ಕ ಹೆಂಗ ಕೇಳ್ಲಿ? ಬಾಯಿ ಬರವಲ್ದು. ರೊಕ್ಕ ತರದಿದ್ರ ಮ್ಯಾಲಿನವ್ರು ಸಹಿ ಹಾಕವಲ್ರು."

"ಹಂಗಂತ ಫೈಲು ಇಟ್ಕಂಡು ಕುಂತ್ರಾ?"

"ಮತ್ತೇನ್ ಮಾಡ್ಲಿ? ನಾ ಜಂಗಮನೂ ಅಲ್ಲ. ಆ ದಕ್ಷಿಣಿ ಇನ್ನಾ ದೇವರ ಜಗಲಿ ಮ್ಯಾಲಾ ಐತಿ, ಮುಟ್ಟಿಲ್ಲ."

ಬೈಯಬೇಕೋ ಸಮಾಧಾನ ಮಾಡಬೇಕೋ ತಿಳಿಯಲಿಲ್ಲ. ಲಂಚ ಕೇಳಿದರು ಅಂತ ದೂರು ಕೊಡಬಹುದು. ಕೇಳಲಿಲ್ಲ, ಅದಕ್ಕೇ ಕೆಲಸ ನಿಂತಿದೆ ಅಂತ ಯಾರ ಮುಂದೆ ಹೇಳೋದು? ಅಪ್ಪನ ಮಾತು ಮರೆತು ಪರ್ಸಿಗೆ ಕೈ ಹಾಕಿದೆ. ಅವರು ಹೌಹಾರಿದರು.

"ತಗೀಬ್ಯಾಡ್ರಿ! ನಿಮ್ಮ ಮನಿ ಅನ್ನ ಉಂಡೀನಿ. ಹೋಗ್ರಿ, ಏನಾರ ಮಾಡ್ತೀನಿ."

ಸಂಕ್ರಾಂತಿ ಹೊತ್ತಿಗೆ ಪಾಸ್‌ಪೋರ್ಟ್ ಬಂತು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು, "ನೋಡಿದ್ಯಾ? ಒಂದು ಪೈಸಾ ಕೊಡ್ಲಿಲ್ಲ. ಎಲ್ಲಾ ಆ ಜಂಗಮರ ಆಶೀರ್ವಾದ," ಅಂದ. ಠಾಣೆಯ ಸಂಗತಿ ಮುಚ್ಚಿಟ್ಟು ನಾನು ರೊಟ್ಟಿ ತಟ್ಟಲು ಹೋದೆ.

ಬೇಸಿಗೆಯಲ್ಲಿ ಹೋದ. ಅವ್ವನ ವಿಭೂತಿ ನೀರಿಗೆ ಬಿಟ್ಟು, ಕುಂಟುತ್ತಾ, ನಗುತ್ತಾ ತಿರುಗಿ ಬಂದ. ಎರಡು ಸಣ್ಣ ಬಾಟಲಿಯಲ್ಲಿ ಸರೋವರದ ನೀರು ತಂದಿದ್ದ. ಒಂದು ಮನೆದೇವರಿಗೆ. ಇನ್ನೊಂದನ್ನು ನನ್ನ ಕೈಗಿಟ್ಟು, "ಆ ಜಂಗಮರು ಎಲ್ಲಿ ಅದಾರ ಹುಡುಕಿ ಕೊಟ್ಟು ಬಾರವ್ವ," ಅಂದ.

ಹುಡುಕೋದೇನು ಬಂತು. ಠಾಣೆಗೆ ಹೋದೆ. ಅವರೊಬ್ಬರೇ ಇದ್ದರು. "ಅವತ್ತು ಮ್ಯಾಲಿನವ್ರಿಗೆ ರೊಕ್ಕ ಯಾರು ಕೊಟ್ರು?" ಅಂತ ಕೇಳಿಯೇಬಿಟ್ಟೆ.

ಅವರು ನೆಲ ನೋಡಿದರು. "ನನ್ನ ಪಗಾರದಾಗಾ ಕೊಟ್ಟೆ. ಅಪ್ಪಾರಿಗೆ ಹೇಳಬ್ಯಾಡ್ರಿ."

ಅಂದರೆ ಅಪ್ಪ ಲಂಚ ಕೊಡದೆ ಹೋಗಿ ಬಂದನಾ, ಕೊಟ್ಟು ಹೋಗಿ ಬಂದನಾ? ತಗೊಳ್ಳೋರೇ ಕೊಟ್ಟರೆ ಪಾಪ ಯಾರ ತಲೆಗೆ, ಪುಣ್ಯ ಯಾರಿಗೆ? ತಲೆ ಗಿರ್ರಂತು. ಬಾಟಲಿ ಹೊರತೆಗೆದೆ.

"ಮಾನಸ ಸರೋವರದ ನೀರ್ರಿ. ಅಪ್ಪ ಕೊಟ್ಟಾನ."

ಅವರ ಕಣ್ಣು ತುಂಬಿದವು. ಟೇಬಲ್ಲಿನ ಮೇಲೆ ಇಡಲು ಹೋದೆ. ಅವರು ಬಾಗಿಲ ಕಡೆ ಒಮ್ಮೆ, ಸಾಹೇಬರ ಕೋಣೆ ಕಡೆ ಒಮ್ಮೆ ನೋಡಿದರು.

"ಮ್ಯಾಲ ಬ್ಯಾಡ್ರಿ, ಯಾರಾರ ನೋಡ್ಯಾರು. ಹಿಂಗ ಕೊಡ್ರಿ," ಅಂತ ಟೇಬಲ್ಲಿನ ಕೆಳಗೆ ಕೈ ಚಾಚಿದರು.

ಕೊಟ್ಟೆ. ನಾನೂ ಆ ಕಡೆ ಈ ಕಡೆ ನೋಡಿಯೇ ಕೊಟ್ಟೆ.