ಪಟ್ಟಣದ ಅಂಗಡಿ ಮುಂದೆ ನಿಲ್ಲಬಾರದ ವ್ಯಾನು

ವರ್ಲೀನ್ ಟಬ್ಸ್ ಓಡಿಸುವ ಬಿಳಿ ವ್ಯಾನು ಕಾಯಿಲೆಯವರಿಗಾಗಿ ಇರುವುದು, ಹಸಿದವರಿಗಾಗಿ ಅಲ್ಲ. ಇದು ಅವಳ ಮಾತಲ್ಲ. ಅವಳಿಗೆ ಕೆಲಸ ಕೊಟ್ಟ ಕಂಪನಿಯ ಕಾಗದದಲ್ಲೇ ಇದೆ, ಅಲ್ಲಿ ಭಾಷೆ ಸ್ವಲ್ಪ ನಯವಾಗಿದೆ ಅಷ್ಟೆ. ರೋಗಿಯನ್ನು ಮನೆಯಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ಬಿಡಬೇಕು, ಆಸ್ಪತ್ರೆಯಿಂದ ಹತ್ತಿಸಿಕೊಂಡು ಮನೆಗೆ ಬಿಡಬೇಕು, ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ಸರಕಾರ ಸವಾರಿಗೆ ದುಡ್ಡು ಕೊಡುವುದು ಡಾಕ್ಟರ ಬಾಗಿಲ ತನಕ. ದಿನಸಿ ಅಂಗಡಿಯ ಬಾಗಿಲಿಗೆ ಯಾರೂ ಕೊಡುವುದಿಲ್ಲ.

ಅವಳ ಊರು ಹಾಲಿಬೆಂಡಿನಿಂದ ಪಟ್ಟಣಕ್ಕೆ ಮೂವತ್ತೆಂಟು ಮೈಲಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಐದೂವರೆಗೆ ಅವಳು ಅಲೋಂಜೊ ಪಿಕನ್ಸ್ ಎಂಬ ಮುದುಕರ ಮನೆ ಮುಂದೆ ವ್ಯಾನು ನಿಲ್ಲಿಸಿ, ಮೆಟ್ಟಿಲು ಹತ್ತಿ ಹೋಗಿ, ಅವರ ಕೈ ಹಿಡಿದು ಇಳಿಸಿಕೊಂಡು ಬರುತ್ತಾಳೆ. ಅವರಿಗೆ ಎಂಬತ್ತೊಂದು. ಹೆಂಡತಿ ಇಲ್ಲ, ಮಕ್ಕಳಾಗಲಿಲ್ಲ. ಮೂತ್ರಪಿಂಡ ಎರಡೂ ಕೈಕೊಟ್ಟು ನಾಲ್ಕು ವರ್ಷವಾಯಿತು, ವಾರಕ್ಕೆ ಮೂರು ಸಲ ಯಂತ್ರವೇ ಅವರ ರಕ್ತ ತೊಳೆಯಬೇಕು. ಪಟ್ಟಣದ ಆಸ್ಪತ್ರೆಯಲ್ಲಿ ಅವರು ಮಲಗಿರುವ ನಾಲ್ಕು ಗಂಟೆಯೂ ಅವಳು ಬಿಡುವಿಲ್ಲದೆ ಅಲ್ಲೇ ಬೇರೆ ರೋಗಿಗಳನ್ನು ಸಾಗಿಸುತ್ತಾಳೆ. ಎದ್ದಾಗ ಅವರ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿರುತ್ತದೆ. ಆದರೂ ವ್ಯಾನಿನಲ್ಲಿ ಕೂತ ಮೇಲೆ ಬಾಯಿ ಸುಮ್ಮನಿರುವುದಿಲ್ಲ.

"ನಿಧಾನಕ್ಕೆ ಓಡ್ಸು ವರ್ಲೀನ, ಈಗ ತಾನೇ ತೊಳ್ಸಿರೋ ರಕ್ತ ಇದು, ಕುಲುಕಬೇಡ," ಎನ್ನುತ್ತಿದ್ದರು.

"ತೊಳ್ದಿದ್ದು ರಕ್ತ ಮಾತ್ರ ಯಜಮಾನ್ರೇ, ನಾಲಿಗೆ ಹಾಗೇ ಬಿಟ್ಟಿದಾರೆ," ಎನ್ನುತ್ತಿದ್ದಳು ಅವಳು.

ವರ್ಲೀನಳಿಗೂ ಅರವತ್ತೆರಡು ಆಗಿದೆ. ಹತ್ತು ತುಂಬುವ ಮೊದಲೇ ಹತ್ತಿಹೊಲದಲ್ಲಿ ಗುದ್ದಲಿ ಹಿಡಿದು ಕಳೆ ತೆಗೆದವಳು. ಮದುವೆಯಾದ ಮೇಲೆ ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ ತಣ್ಣೀರಲ್ಲಿ ನಿಂತು ಬೆಕ್ಕುಮೀನು ಸೀಳಿದಳು. ಕಾರ್ಖಾನೆ ಮುಚ್ಚಿತು, ಗಂಡ ಹೋದ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ, ಬಿಸಿನೀರಲ್ಲಿ ಅದ್ದಿಟ್ಟುಕೊಂಡು ಆಮೇಲೆ ಸ್ಟಿಯರಿಂಗ್ ಹಿಡಿಯಬೇಕು. ಒಂದಷ್ಟು ವರ್ಷ ಶಾಲೆಯ ಬಸ್ಸು ಓಡಿಸಿದಳು. ಊರಲ್ಲಿ ಮಕ್ಕಳೇ ಕಡಿಮೆಯಾಗಿ ಶಾಲೆ ಮುಚ್ಚಿದಾಗ ಈ ವ್ಯಾನಿಗೆ ಬಂದಳು. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದ ಊರಲ್ಲಿ ಉಳಿದುಕೊಂಡವಳು ಅವಳು.

ಮಿಸಿಸಿಪ್ಪಿ ಡೆಲ್ಟಾದ ಮಣ್ಣೆಂದರೆ ಕೋಲು ನೆಟ್ಟರೂ ಚಿಗುರುವ ಕಪ್ಪು ಮಣ್ಣು. ಮನೆಯ ಮೆಟ್ಟಿಲ ತನಕ ಹೊಲ ಬಂದಿದೆ, ಎಲ್ಲಿ ನೋಡಿದರೂ ಹತ್ತಿ, ಸೋಯಾ. ಅದರಲ್ಲಿ ಒಂದು ಹಿಡಿ ಕೂಡ ಈ ಊರಿನ ಬಾಯಿಗಲ್ಲ. ವರ್ಲೀನಳ ತಾಯಿ ಹಿತ್ತಲಲ್ಲಿ ಅಲಸಂದೆ, ಬೆಂಡೆ, ಸೊಪ್ಪು ಬೆಳೆದು ಎಂಟು ಜನರನ್ನು ಸಾಕಿದಳು. ವರ್ಲೀನ್ ಹಾಕಿದ ಟೊಮೆಟೊ ಎರಡು ವರ್ಷ ಸಾಲಾಗಿ ಎಲೆ ಮುದುರಿ ಸತ್ತಿತು, ಪಕ್ಕದ ಸೋಯಾ ಹೊಲಕ್ಕೆ ವಿಮಾನದಿಂದ ಹೊಡೆದ ಔಷಧಿ ಗಾಳಿಗೆ ಬಂದು ಕೂತಿತ್ತು. ಮೂರನೆಯ ವರ್ಷ ಅವಳು ಬೀಜ ಕೊಳ್ಳಲಿಲ್ಲ. ಕೇಳಿದವರಿಗೆ ಬೆನ್ನು ನೋವು ಎಂದಳು.

ಪ್ಯಾಂಗ್ ಎಂಬ ಚೀನೀ ಕುಟುಂಬ ಮೂರು ತಲೆಮಾರು ನಡೆಸಿದ ಅಂಗಡಿಯೊಂದಿತ್ತು. ಕೊನೆಯ ಪ್ಯಾಂಗ್ ತೀರಿಕೊಂಡ ಮೇಲೆ ಅದರ ಮಾಡೂ ಕುಸಿಯಿತು. ಈಗಿರುವುದು ಹೆದ್ದಾರಿ ಬದಿಯ ಡಾಲರ್ ಅಂಗಡಿ, ಅಗ್ಗದ ಸಾಮಾನಿನದು. ಅಲ್ಲಿ ಹದಿನಾಲ್ಕು ಬಗೆಯ ಚಿಪ್ಸ್ ಇದೆ, ಡಬ್ಬಿಯ ಸಾಸೇಜ್ ಇದೆ, ಡಬ್ಬಿಯ ಬೀನ್ಸ್ ಇದೆ, ಕ್ರಿಸ್ಮಸ್ಸಿನ ದೀಪ ಜೂನ್ ತಿಂಗಳಲ್ಲೂ ಇದೆ. ಒಂದು ಈರುಳ್ಳಿ ಇಲ್ಲ ಮಾರಾಯ್ರೇ. ಪಿಕನ್ಸರಿಗೆ ಉಪ್ಪು ವಿಷ. ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಎದೆಗೇರುತ್ತದೆ. ಡಬ್ಬಿಯಲ್ಲಿ ಬರುವುದೆಲ್ಲ ಉಪ್ಪಲ್ಲೇ ಮುಳುಗಿ ಬರುತ್ತದೆ. ಅವರು ತಿನ್ನಬಹುದಾದ ಕೋಸು, ಮೊಟ್ಟೆ, ಹಸಿ ಕೋಳಿ, ಸೇಬು ಸಿಗಬೇಕಾದರೆ ಪಟ್ಟಣದ ದೊಡ್ಡ ಅಂಗಡಿಗೇ ಹೋಗಬೇಕು. ವ್ಯಾನು ಹೋಗುತ್ತ ಬರುತ್ತ ಆ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ವಾರಕ್ಕೆ ಆರು ಸಲ.

ಮೊದಲ ಸಲ ನಿಲ್ಲಿಸಿದ್ದು ಎರಡು ವರ್ಷದ ಹಿಂದೆ. ಹತ್ತು ನಿಮಿಷ ಅಷ್ಟೆ. ಅವಳು ಓಡಿ ಹೋಗಿ ಅವರದ್ದನ್ನೂ ತನ್ನದನ್ನೂ ತಂದಳು, ಯಾಕೆಂದರೆ ಅವಳ ಸ್ವಂತ ಕಾರು ಪೆಕಾನ್ ಮರದ ಕೆಳಗೆ ಕೆಟ್ಟು ನಿಂತಿತ್ತು, ಕೆಲಸದ ಹೊತ್ತು ಮುಗಿದ ಮೇಲೆ ವ್ಯಾನು ಮುಟ್ಟುವಂತಿರಲಿಲ್ಲ. ಗಾಡಿ ಎಲ್ಲಿ ಎಷ್ಟು ನಿಂತಿತು ಎಂದು ಮುಂಭಾಗದಲ್ಲಿ ಅಂಟಿಸಿದ ಡಬ್ಬಿ ಕಂಪನಿಗೆ ಚಾಡಿ ಹೇಳುತ್ತದೆ. ತಡವಾದದ್ದಕ್ಕೆ ಕಾರಣ ಬರೆಯಬೇಕು. ಟೈರು ಪಂಕ್ಚರ್ ಅನ್ನಬಹುದಿತ್ತು, ಜಿಂಕೆ ಅಡ್ಡ ಬಂತು ಅನ್ನಬಹುದಿತ್ತು. ಆದರೆ ಹುಟ್ಟಿದಾಗಿನಿಂದ ಆ ರಸ್ತೆಯ ರೈಲುಗೇಟಿನಲ್ಲಿ ಕಾದು ಕಾದು ಬೆಳೆದವಳಿಗೆ ಕೈ ತಾನಾಗಿ ಬರೆದದ್ದು 'ರೈಲು' ಎಂದು. ಆಮೇಲೆ ಅದೇ ಅಭ್ಯಾಸವಾಯಿತು.

ಎರಡು ವರ್ಷ ಯಾರೂ ಕೇಳಲಿಲ್ಲ. ಆಮೇಲೆ ಬೇರೆ ರಾಜ್ಯದಲ್ಲಿ ಕೂತ ಹೊಸ ಮೇಲ್ವಿಚಾರಕಿಯೊಬ್ಬಳು ಫೋನ್ ಮಾಡಿದಳು.

"ಈ ರೈಲು ವಾರಕ್ಕೆ ಮೂರು ದಿನಾನೂ ತಪ್ಪದೇ ಬರತ್ತಾ?"

"ಹೂಂ ಮೇಡಂ. ಗೂಡ್ಸ್ ಗಾಡಿ, ಉದ್ದ ಇರತ್ತೆ."

"ನಾನು ನಕ್ಷೆ ನೋಡ್ತಾ ಇದೀನಿ. ಆ ಹಳಿ ಕಿತ್ತು ಹನ್ನೊಂದು ವರ್ಷ ಆಯ್ತಂತೆ."

"ಅದಕ್ಕೇ ಇರ್ಬೇಕು ಅಷ್ಟು ನಿಧಾನ," ಎಂದಳು ವರ್ಲೀನ್.

ಆ ಕಡೆ ನಗು ಬರಲಿಲ್ಲ, ಪತ್ರ ಬಂತು. ಇನ್ನೊಂದು ಸಲ ನಿಂತರೆ ಕೆಲಸ ಇಲ್ಲ. ಕೆಲಸ ಹೋದರೆ ಅದರ ಜೊತೆಗಿರುವ ವಿಮೆಯೂ ಹೋಗುತ್ತದೆ, ವಿಮೆ ಹೋದರೆ ಅವಳ ಸಕ್ಕರೆ ಕಾಯಿಲೆಯ ಔಷಧಿ ಹೋಗುತ್ತದೆ. ಅರವತ್ತೈದಕ್ಕೆ ಸಿಗುವ ಸರಕಾರದ ವಿಮೆಗೆ ಇನ್ನೂ ಮೂರು ವರ್ಷ ಇದೆ. ಅವಳು ಪತ್ರವನ್ನು ಪಿಕನ್ಸರಿಗೆ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ ಅವಳ ಕೈಗೇ ಕೊಟ್ಟರು.

"ಇನ್ಮೇಲೆ ನೇರ ಮನೆಗೆ," ಎಂದರು.

ಮೂರು ವಾರ ನೇರ ಮನೆಗೇ ಹೋದರು. ಅಂಗಡಿ ಹತ್ತಿರ ಬಂದಾಗ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು, ದಾಟಿದ ಮೇಲೆ ಹವೆಯ ಬಗ್ಗೆ ಏನಾದರೂ ಹೇಳುತ್ತಿದ್ದರು. ಕಾರಿದ್ದ ನೆರೆಯವರನ್ನು ಕೇಳಿದರೆ ಹೋಗಿಬರಲು ಇಪ್ಪತ್ತು ಡಾಲರ್ ಎಂದರು, ಅವರಿಗೂ ಪೆಟ್ರೋಲು ಪುಕ್ಕಟೆ ಬರುವುದಿಲ್ಲವಲ್ಲ. ಚರ್ಚಿನಿಂದ ಒಂದು ಪೆಟ್ಟಿಗೆ ಬಂತು, ಅದರ ತುಂಬ ಡಬ್ಬಿಗಳು. ಪಿಕನ್ಸ್ ಬೀನ್ಸನ್ನು ಜರಡಿಗೆ ಸುರಿದು ಮೂರು ಸಲ ತೊಳೆದು ತಿಂದರು. ವರ್ಲೀನ್ ಮನೆಗೆ ಬಂದು ಲೋಟದ ನೂಡಲ್ಸಿಗೆ ಬಿಸಿನೀರು ಹಾಕಿಕೊಂಡು ಟಿ.ವಿ. ಮುಂದೆ ಕೂರುತ್ತಿದ್ದಳು. ಅವಳಿಗೆ ಸಾಕಾಗಿ ಹೋಗಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ, ಅದೂ ಇರಲಿಲ್ಲ.

ಮೂರು ವಾರ ತುಂಬಿದ ಶುಕ್ರವಾರ ಅವರನ್ನು ಕರೆದುಕೊಳ್ಳಲು ಒಳಗೆ ಹೋದಾಗ ನರ್ಸು ಗದರುತ್ತಿದ್ದಳು.

"ಏನು ತಿಂತಾ ಇದೀರಿ ನೀವು? ಐದು ಕೇಜಿ ನೀರು ತುಂಬಿದೆ ಮೈಯಲ್ಲಿ. ಒಂದೇ ಸಲ ಅಷ್ಟನ್ನೂ ತೆಗೆಯೋಕಾಗಲ್ಲ, ಎದೆ ನಿಂತೋಗತ್ತೆ. ಹೇಳಿದ್ದು ಕಿವಿಗೆ ಹಾಕ್ಕೊಳಲ್ವಾ?"

"ವಯಸ್ಸಾದೋನು, ಬಾಯಿ ಚಪಲ ಕಣಮ್ಮ," ಎಂದರು ಪಿಕನ್ಸ್.

ವರ್ಲೀನ್ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು. ಅವರ ಕಾಲು ಶೂ ಒಳಗೆ ಹೋಗಲಿಲ್ಲ, ಚಪ್ಪಲಿಯಲ್ಲೇ ವ್ಯಾನಿನ ತನಕ ನಡೆಸಿಕೊಂಡು ಬಂದಳು. ದಾರಿಯಲ್ಲಿ ಅವರು ಉಸಿರಾಡುವ ಸದ್ದು ಹಿಂದಿನಿಂದ ಕೇಳುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಕಂಪನಿಯ ಬಗ್ಗೆಯಲ್ಲ, ಮೂರು ವಾರ ಆ ಪತ್ರದ ಹಿಂದೆ ಅಡಗಿ ಕೂತ ತನ್ನ ಬಗ್ಗೆ. ಅಂಗಡಿ ಬಂದಾಗ ಸಿಗ್ನಲ್ ಹಾಕಿ, ಒಳಗೆ ತಿರುಗಿಸಿ, ಬಾಗಿಲ ಹತ್ತಿರವೇ ನಿಲ್ಲಿಸಿದಳು.

"ಇಳೀರಿ ಯಜಮಾನ್ರೇ."

"ಇಳಿಯಲ್ಲ. ಓಡ್ಸು."

"ಇಳೀರಿ ಅಂದೆ."

ಅವರು ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿಂಗೆ ತಲೆ ಕೆಟ್ಟಿದೆಯಾ? ಕಳೆದ ವರ್ಷ ನೀನು ಜ್ವರ ಅಂತ ಮಲಗಿದ್ಯಲ್ಲ, ಆಗ ಬಂದ ಡ್ರೈವರು ರಸ್ತೆಯಲ್ಲೇ ಎರಡು ಸಲ ಹಾರ್ನ್ ಹೊಡ್ದು ಹೊರಟೇ ಹೋದ. ನಾನಿನ್ನೂ ಕೋಟು ಹುಡುಕ್ತಾ ಇದ್ದೆ. ಕೋಸಿಲ್ದೆ ನಾನು ಹೇಗೋ ತಳ್ತೀನಿ ವರ್ಲೀನ. ನೀನಿಲ್ದೆ ಆ ಯಂತ್ರದ ಹತ್ರ ಹೋಗೋದ್ಹೇಗೆ? ನಡಿ, ಮನೆಗೆ ನಡಿ."

ಅವಳು ಎಂಜಿನ್ ಆರಿಸಿದಳು. ತಿರುಗಿ ನೋಡದೆ ಮುಂದಿನ ಡಬ್ಬಿಯ ಕಡೆ ಬೆರಳು ತೋರಿಸಿದಳು.

"ನಾವು ಜಗಳ ಆಡ್ತಾನೇ ನಾಲ್ಕು ನಿಮಿಷ ಆಯ್ತು. ಅದು ಬರ್ಕೊಂಡಾಯ್ತು. ಈಗ ನೀವು ಇಳಿದ್ರೂ ನನ್ನ ಕೆಲಸ ಹೋಯ್ತು, ಇಳೀದಿದ್ರೂ ಹೋಯ್ತು. ಬರಿಗೈಲಿ ಕಳ್ಕೊಳ್ಲಾ, ಏನಾದ್ರೂ ತಗೊಂಡು ಕಳ್ಕೊಳ್ಲಾ, ನೀವೇ ಹೇಳಿ."

ಹಿಂದಿನಿಂದ ಪಿಕನ್ಸ್ ಬೆಲ್ಟು ಬಿಚ್ಚುವ ಸದ್ದು ಕೇಳಿತು.

ಅವತ್ತು ಆತುರವಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವರು ತಾವೇ ಒಳಗೆ ಬಂದು, ತಳ್ಳುಗಾಡಿಯ ಮೇಲೆ ಭಾರ ಬಿಟ್ಟು ಒಂದೊಂದೇ ಹೆಜ್ಜೆ ಇಟ್ಟರು. ಸೇಬುಗಳನ್ನು ತಿರುಗಿಸಿ ನೋಡಿದರು. ಈರುಳ್ಳಿಯ ಸಿಪ್ಪೆ ಕೆರೆದು ಮೂಸಿದರು. ಮೊಟ್ಟೆಯ ಪೆಟ್ಟಿಗೆ ತೆರೆದು ಒಡೆದದ್ದು ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ವರ್ಲೀನಳ ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಅವಳಿಗೆ ಹೆದರಿಕೆಯಿತ್ತು. ಅದಕ್ಕಿಂತ ಹೆಚ್ಚಾಗಿ ಕೂರಬೇಕು ಅನಿಸುತ್ತಿತ್ತು.

"ಸೋಮವಾರ ಬರೋನು ಇಲ್ಲಿ ನಿಲ್ಲಿಸ್ತಾನಾ?" ಎಂದು ಕೇಳಿದರು ಪಿಕನ್ಸ್.

"ಇಲ್ಲ. ಆದ್ರೆ ನೀವು ಐದು ಗಂಟೆಗೇ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿರಿ. ನಾನು ನಡ್ಕೊಂಡು ಬಂದು ನಿಮ್ಮ ಜೊತೆ ಕೂತಿರ್ತೀನಿ, ಹತ್ತಿಸಿ ಹೋಗ್ತೀನಿ."

ಅವರು ತಲೆಯಾಡಿಸಿದರು. ಕೋಸಿನ ರಾಶಿಯ ಮುಂದೆ ನಿಂತು ಒಂದೊಂದನ್ನೂ ಅಮುಕಿ ನೋಡಿ, ಗಟ್ಟಿಯಾದದ್ದೊಂದನ್ನು ಗಾಡಿಯಲ್ಲಿಟ್ಟರು. ಯೋಚಿಸಿ ಇನ್ನೊಂದನ್ನಿಟ್ಟರು. ಸ್ವಲ್ಪ ತಡೆದು ಮತ್ತೆರಡು ಆರಿಸಿ ಬೇರೆ ಚೀಲಕ್ಕೆ ಹಾಕಿ ಅವಳ ಕೈಗೆ ಕೊಟ್ಟರು.

"ನಂಗ್ಯಾಕೆ ಇಷ್ಟು?" ಎಂದಳು ವರ್ಲೀನ್.

"ಇಟ್ಕೋ," ಎಂದರು ಪಿಕನ್ಸ್. "ಇನ್ನು ನಿಂಗೂ ವ್ಯಾನಿಲ್ವಲ್ಲ."