ಮಫಿನ್‌ಗೆ ಭಯ ಕಲಿಸಿದ ನೊರೀನ್

ಟಾಸ್ಮೇನಿಯಾದ ಆ ಕಣಿವೆಯಲ್ಲಿ ನೊರೀನ್ ಪಿಕೆಟ್‌ಳಷ್ಟು ಮಾತುಗಾತಿ ಇನ್ನೊಬ್ಬಳಿರಲಿಲ್ಲ. ಕೇಳುವವರು ಮಾತ್ರ ಒಬ್ಬರೂ ಉಳಿದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಕಾಂಗರೂವಿನಂತೆ ಚೀಲದಲ್ಲಿ ಮರಿ ಹೊರುವ ವೊಂಬ್ಯಾಟ್ ಎಂಬ ಗುಂಡಗಿನ ಪ್ರಾಣಿ ಲಾರಿಗೆ ಸಿಕ್ಕು ಸತ್ತದ್ದು ಕಂಡರೆ ಅಲ್ಲಿಯವರು ಗಾಡಿ ನಿಲ್ಲಿಸಿ ಮರಿ ಬದುಕಿದೆಯೇ ಎಂದು ಅದರ ಹೊಟ್ಟೆಚೀಲದೊಳಗೆ ಕೈಹಾಕಿ ನೋಡುವುದುಂಟು. ಹಾಗೆ ಸಿಕ್ಕಿದ, ಇನ್ನೂ ಕೂದಲು ಮೂಡದ ಹೆಣ್ಣುಮರಿಯೊಂದನ್ನು ನೊರೀನ್ ಬಟ್ಟೆಚೀಲದಲ್ಲಿಟ್ಟು ಎದೆಗೆ ಕಟ್ಟಿಕೊಂಡು, ಬಾಟಲಿ ಹಾಲು ಕುಡಿಸಿ ಸಾಕಿದಳು. ಮಫಿನ್ ಎಂದು ಹೆಸರಿಟ್ಟಳು.

ಮುಂದೆ ಕಾಡಿಗೆ ಬಿಡಬೇಕಾದ ಮರಿ ಹುಲ್ಲು ಮೇಯಲು, ಬಿಲ ತೋಡಲು ಕಲಿತ ಮೇಲೆ ಸಾಕಿದವರು ಅದನ್ನು ಮುಟ್ಟಬಾರದು, ಮಾತಾಡಿಸಬಾರದು. ನೊರೀನ್‌ಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಸಂಜೆ ಟೀ ಹಿಡಿದು ಬೇಲಿಯ ಬಳಿ ಕೂತಳೆಂದರೆ, ತನ್ನ ಸೊಂಟನೋವಿನಿಂದ ಹಿಡಿದು ಸತ್ತ ಗಂಡನ ಗೊರಕೆಯವರೆಗೆ ಎಲ್ಲವನ್ನೂ ಮಫಿನ್‌ಗೆ ಒಪ್ಪಿಸುತ್ತಿದ್ದಳು.

ಅರಣ್ಯ ಕಾವಲಿನ ಡೆಸ್ಮಂಡ್ ಒಂದು ದಿನ ನೋಡಿಬಿಟ್ಟ.

"ನಿನ್ ಬಾಯಿಗೆ ಬೀಗ ಹಾಕಕ್ಕಾಗಲ್ವಾ ನೊರೀನ್? ಇದನ್ನ ರಾಷ್ಟ್ರೀಯ ಉದ್ಯಾನಕ್ಕೆ ಬಿಟ್ರೆ ಪ್ರವಾಸಿಗಳ ಕಾಲಿಗೆಲ್ಲ ಸುತ್ಕೊಳುತ್ತೆ. ಒಬ್ರು ಬ್ರೆಡ್ ಹಾಕ್ತಾರೆ, ಇನ್ನೊಬ್ರು ಕಾರ್ ಹತ್ತಿಸ್ತಾರೆ."

"ಪಾಪದ್ದು ಕಣೋ, ಯಾರಿಗೂ ಏನೂ ಮಾಡಲ್ಲ."

"ಅದೇ ಕಷ್ಟ ಅಂತಿರೋದು. ಚಳಿಗಾಲ ಮುಗಿಯೋದ್ರೊಳಗೆ ಮನುಷ್ಯರನ್ನ ಕಂಡು ಹೆದರ್ಲಿಲ್ಲ ಅಂದ್ರೆ ಮೃಗಾಲಯನೇ ಗತಿ. ಸಾಯೋತನಕ."

ಆ ಮಾತು ನಾಟಿತು. ಮರುದಿನ ಮಫಿನ್ ಓಡಿಬಂದು ಅವಳ ಬೂಟಿನ ಮೇಲೆ ಗಲ್ಲವಿಟ್ಟಾಗ, ನೊರೀನ್ ಎರಡು ಪಾತ್ರೆ ಮುಚ್ಚಳ ಹಿಡಿದು ಅದರ ಕಿವಿಯ ಬಳಿಯೇ ಢಣಢಣ ಬಡಿದಳು.

"ಹೋಗ್ ಆಚೆ! ತೊಲಗು!"

ಮಫಿನ್ ಬೆಚ್ಚಿಬಿದ್ದು ಅವಳ ಕಾಲ ಸಂದಿಗೇ ನುಗ್ಗಿತು. ಹೆದರಿದಾಗ ಅಡಗಲು ಅದಕ್ಕೆ ಬೇರೆ ಜಾಗ ಗೊತ್ತಿರಲಿಲ್ಲ. ಅವಳು ಅಳುತ್ತಲೇ ಮತ್ತೆ ಬಡಿದಳು, ದಿನಾ ಬಡಿದಳು. ಕಡೆಗೊಂದು ಸಂಜೆ ಅವಳ ದನಿ ಕೇಳಿದ್ದೇ ಮಫಿನ್ ಬಿಲ ಸೇರಿತು. ಡೆಸ್ಮಂಡ್ ಅದನ್ನು ಒಯ್ದು ಉದ್ಯಾನದಲ್ಲಿ ಬಿಟ್ಟ.

ವಸಂತದಲ್ಲಿ ನೊರೀನ್ ಅಲ್ಲಿಗೆ ಹೋದಳು. ಹೊತ್ತು ಮುಳುಗುವಾಗ ವೊಂಬ್ಯಾಟ್‌ಗಳು ಮೇಯಲು ಬರುವ ಬಯಲಿನ ಅಂಚಿನಲ್ಲಿ, ಪ್ರವಾಸಿಗಳ ನಡುವೆ ತಾನೂ ನಿಂತಳು. ತಾಯಿ ಸತ್ತ ಅಪಘಾತದಲ್ಲೇ ಅರ್ಧ ಹರಿದಿದ್ದ ಕಿವಿಯಿಂದ ಗುರುತು ಸಿಕ್ಕಿತು. ಮಫಿನ್ ಮೈದುಂಬಿಕೊಂಡಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ಮಫಿನ್, ಚೆನ್ನಾಗಿದ್ದೀಯೇನೇ?"

ಅದು ತಲೆಯೆತ್ತಿತು. ಮರುಕ್ಷಣ ಎದ್ದೆನೋ ಬಿದ್ದೆನೋ ಎಂದು ಓಡಿ ಬಿಲ ಹೊಕ್ಕಿತು.

"ಏನಮ್ಮಾ ನೀವು! ಎಲ್ಲಿಂದಲೋ ಬಂದಿದ್ವಿ ಇದನ್ನ ನೋಡಕ್ಕೆ, ಓಡಿಸ್ಬಿಟ್ರಲ್ಲ," ಎಂದು ಕ್ಯಾಮೆರಾ ಹಿಡಿದಿದ್ದ ಹೆಂಗಸೊಬ್ಬಳು ಸಿಡುಕಿದಳು.

ನೊರೀನ್‌ಗೆ ಸಮಾಧಾನವೂ ಆಗಿತ್ತು, ಎದೆಯೂ ಒಡೆದಿತ್ತು.

"ಹೌದಮ್ಮ," ಎಂದಳು, "ನಾನೇ ಓಡ್ಸಿದ್ದು."