ಐತವಾರ ಹೊಲಿದ ಬಾನಿ

ರಾಯಪ್ಪನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಗೆರೆ. ಐತವಾರ ದೇವರ ದಿನ, ತೊಗಲು ಹೊಲಿಯುವ ಉಳಿ ಮುಟ್ಟುವುದಿಲ್ಲ ಎಂದರೆ ಮುಟ್ಟುವುದಿಲ್ಲ. ಸಾಕ್ಷಾತ್ ದೇಸಾಯರೇ ಬಂದು ಬಾಗಿಲಲ್ಲಿ ನಿಂತರೂ ಅಷ್ಟೇ. ಬೈಲಹೊಂಗಲದ ಆಚೆಗಿನ ಆ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಹದಿನಾಲ್ಕು, ಎಲ್ಲರದೂ ತೊಗಲಿನ ಕೆಲಸ. ಆದರೆ ಎತ್ತು ಹೂಡಿ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲ ಬಾನಿಯನ್ನು ಹನಿ ಸೋರದಂತೆ ಹೊಲಿಯುವ ಕೈ ಅವನೊಬ್ಬನದೇ. ಅವರ ಪ್ರಾರ್ಥನಾ ಸಭೆಯ ಹಿರಿಯನೂ ಅವನೇ. ಗತ್ತಿಗೆ ಇನ್ನೇನು ಬೇಕು!

ಆ ಗತ್ತಿನಲ್ಲೇ ಕ್ರಿಸ್‌ಮಸ್ಸಿನ ಹಿಂದಿನ ವಾರ ಒಂದು ಕೆಲಸ ಮಾಡಿದ್ದ. ಅವನ ಚಿಕ್ಕಪ್ಪನ ಮಗ ಲಗಮಣ್ಣ ಐತವಾರ ಬೆಳಿಗ್ಗೆ ದಾರಿಹೋಕನೊಬ್ಬನ ಹರಿದ ಚಪ್ಪಲಿಗೆ ನಾಲ್ಕು ಹೊಲಿಗೆ ಹಾಕಿಕೊಟ್ಟಿದ್ದ. ಸಭೆಯ ಕಟ್ಟಳೆಯಂತೆ ರಾಯಪ್ಪ ಅವನನ್ನು ಹೆಂಗಸರು ಮಕ್ಕಳೆಲ್ಲರ ಎದುರು ನಿಲ್ಲಿಸಿ ತಪ್ಪೊಪ್ಪಿಸಿದ. ಅಂದಿನಿಂದ ಅವನು ಪ್ರಾರ್ಥನೆಗೆ ಬಂದರೂ ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದಲ್ಲೇ ಕೂತು, ಆಮೆನ್ ಅಂದೊಡನೆ ಎದ್ದು ಹೋಗುತ್ತಿದ್ದ. ಅಣ್ಣನ ಜೊತೆ ಮಾತಿಲ್ಲ, ಕತೆಯಿಲ್ಲ.

೧೯೫೩ರ ಬೇಸಿಗೆ. ಒಂದು ಐತವಾರ ಬೆಳಿಗ್ಗೆ ರಾಯಪ್ಪ ಬಿಳಿ ಅಂಗಿ ತೊಟ್ಟು ಸಭೆಗೆ ಹೊರಡುವ ಹೊತ್ತಿಗೆ ಸರಿಯಾಗಿ ತೋಟದ ಖಾಸಿಮಸಾಬ ಹರಿದ ಬಾನಿ ಹೊತ್ತುಕೊಂಡು ಬಂದ.

“ರಾಯಪ್ಪಣ್ಣಾ, ನಿನ್ನೆ ಎರಡು ಸಾವಿರ ಬದನಿ ಸಸಿ ಹಚ್ಚೇನಿ. ಮಧ್ಯಾಹ್ನದೊಳಗ ನೀರು ಸಿಗಲಿಲ್ಲಂದ್ರ ಎಲ್ಲಾ ಸುಟ್ಟು ಹೋಗತಾವು. ಹೊಲದು ಕೊಡಪಾ.”

“ನಾಳೆ ನಸುಕಿನ್ಯಾಗ ಬರ್ರಿ, ಸಾಬರ. ಇವತ್ತ ಆಗೂದಿಲ್ಲ.”

ಖಾಸಿಮಸಾಬ ಜಗಳ ಮಾಡಲಿಲ್ಲ. “ನಿನ್ನ ದೇವರ ದಿನಾ, ನಾ ಏನ ಹೇಳಲಿ” ಎಂದು ಬಾನಿ ಎತ್ತಿಕೊಳ್ಳಲು ಬಾಗಿದ. ಅಷ್ಟರಲ್ಲಿ ಒಳಗಿನಿಂದ ರಾಯಪ್ಪನ ಹೆಂಡತಿ ದೇವಕ್ಕ ಬಂದಳು.

“ಎತ್ತು ಬಾವ್ಯಾಗ ಬಿದ್ರ ಐತವಾರ ಅಂತ ಬಿಡತಾರೇನ್ರಿ? ಹ್ವಾದ ವಾರ ಬೈಬಲದಾಗಿಂದು ನೀವ ಓದಿ ಹೇಳಿದ್ರಲ್ಲ?”

“ಇದು ಎತ್ತಲ್ಲ, ಬದನಿಕಾಯಿ!”

“ಬದನಿಕಾಯಿನ. ಆ ಮನ್ಯಾಗ ಆರು ಮಂದಿ ಅದರ ಮ್ಯಾಲ ಉಣ್ಣತಾರ.”

ರಾಯಪ್ಪನಿಗೆ ಪಿತ್ತ ನೆತ್ತಿಗೇರಿತು. ಬಿಳಿ ಅಂಗಿ ಕಳಚಿ ಗೂಟಕ್ಕೆ ಹಾಕಿ, ತೊಗಲು ಬಡಿಯುವ ಅಡಿಗಲ್ಲು ಎಳೆದುಕೊಂಡು ಕೂತ. ಬಾನಿ ಮೂರು ಗೇಣು ಹರಿದಿತ್ತು. ಒಂದೊಂದು ಹೊಲಿಗೆಗೂ ಲಗಮಣ್ಣನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ನಾಲ್ಕು ಹೊಲಿಗೆಗೆ ಅವನನ್ನು ನಿಲ್ಲಿಸಿದೆ, ಇಲ್ಲಿ ನಲವತ್ತಾದವು. ಯಾರಿಗೂ ಹೇಳದೆ ಬಿಟ್ಟರೆ? ಖಾಸಿಮಸಾಬ ಬಾಯಿ ಬಿಡುವವನಲ್ಲ, ಹಿರಿತನ ಉಳಿಯುತ್ತದೆ. ಆದರೆ ಲಗಮಣ್ಣನೂ ಆ ಬಾಗಿಲಲ್ಲೇ ಉಳಿಯುತ್ತಾನೆ.

ಬಾನಿ ಕೊಟ್ಟು ಕಳಿಸಿ, ಅಂಗಿ ತೊಟ್ಟು ಅವನು ಸಭೆ ಮುಟ್ಟುವಷ್ಟರಲ್ಲಿ ಕೊನೆಯ ಹಾಡು ಮುಗಿಯುತ್ತಿತ್ತು. ರಾಯಪ್ಪ ಮುಂದಿನ ಸಾಲಿನ ತನ್ನ ಚಾಪೆಯಲ್ಲಿ ಕೂರಲಿಲ್ಲ. ಲಗಮಣ್ಣನನ್ನು ನಿಲ್ಲಿಸಿದ್ದ ಜಾಗದಲ್ಲೇ ಹೋಗಿ ನಿಂತ.

“ನಾ ಇವತ್ತ ಉಳಿ ಮುಟ್ಟೇನಿ. ಖಾಸಿಮಸಾಬರ ಬಾನಿ ಹೊಲದೇನಿ. ಅದು ತಪ್ಪಂತ ನನಗ ಅನಸವಲ್ದು. ತಪ್ಪು ಮಾಡಿದ್ದು ಅವತ್ತ, ಲಗಮಣ್ಣನ್ನ ಇಲ್ಲಿ ನಿಲ್ಲಿಸಿದಾಗ. ತಮ್ಮಾ, ನನ್ನ ಕ್ಷಮಾ ಮಾಡು.”

ಪಾಸ್ಟರರು ಪುಸ್ತಕ ಮುಚ್ಚಿದರು. ಬಾಗಿಲ ಬಳಿ ಲಗಮಣ್ಣ ಎದ್ದ. ಹೊರಗೆ ಹೋಗುತ್ತಾನೆಂದೇ ಎಲ್ಲರೂ ಅಂದುಕೊಂಡರು. ಅವನು ಚಾಪೆಗಳ ನಡುವೆ ನಡೆದು ಬಂದು, ಅಣ್ಣನ ಕೈ ಹಿಡಿದು ಮೂಸಿ ನೋಡಿದ.

“ಥೂ, ಕೈಯರ ತೊಳಕೊಂಡು ಬರಬಾರದೇನೋ ಅಣ್ಣಾ? ನಾರಾಕ ಹತ್ತೇತಿ. ಸರಿ, ಕೂಡ್ರು” ಎಂದು ಅವನನ್ನು ಮುಂದಿನ ಚಾಪೆಯಲ್ಲಿ ಕೂರಿಸಿ, ತಾನೂ ಪಕ್ಕದಲ್ಲೇ ಕೂತ.